ಸೈಟೇಶನ್ ಅಂದ್ರೆ ಏನು? ಕಾರಿಕೊ ಕಥೆ ಹೇಳುವ ಲೆಕ್ಕ

ಯೂಟ್ಯೂಬ್‌ನಲ್ಲಿ ಆರೋಗ್ಯದ ಬಗ್ಗೆ ಒಂದು ವಿಡಿಯೊ ನೋಡ್ತಾ ಇದ್ದೀರಿ ಅಂದ್ಕೊಳ್ಳಿ. ಮಾತಾಡುವವರ ಪರಿಚಯದಲ್ಲಿ ಇಷ್ಟು ನೂರು ಸಂಶೋಧನಾ ಪ್ರಬಂಧ, ಇಷ್ಟು ಸಾವಿರ ಸೈಟೇಶನ್, ಎಚ್-ಇಂಡೆಕ್ಸ್ ಇಷ್ಟು ಅಂತ ಬರುತ್ತೆ. ಅವರ ಮಾತು ನಂಬೋದಕ್ಕೆ ಅಷ್ಟು ಸಾಕಾ? ನಾನು ಓದಿದ್ದು ಬಿಕಾಂ. ಲ್ಯಾಬ್ ಒಳಗೆ ಕಾಲಿಟ್ಟವಳಲ್ಲ. ಆದ್ರೆ ಯಾವುದೇ ಸಂಖ್ಯೆ ಎದುರಿಗೆ ಬಂದ್ರೆ, ಅದನ್ನ ಹೇಗೆ ಲೆಕ್ಕ ಹಾಕಿದ್ರು ಅಂತ ಮೊದಲು ಕೇಳೋ ಅಭ್ಯಾಸ ಇದೆ. ಇವತ್ತು ಅದನ್ನೇ ಮಾಡೋಣ.

ಮೊದಲು ಸೈಟೇಶನ್. ಒಬ್ಬ ವಿಜ್ಞಾನಿ ತನ್ನ ಪೇಪರ್‌ನಲ್ಲಿ ಬೇರೆಯವರ ಪೇಪರ್ ಹೆಸರಿಸಿದರೆ, ಹೆಸರಿಸಿಕೊಂಡವರ ಖಾತೆಗೆ ಒಂದು ಸೈಟೇಶನ್ ಜಮಾ. ಇದನ್ನ ದೊಡ್ಡ ಮಟ್ಟದಲ್ಲಿ ಎಣಿಸೋಕೆ ಶುರು ಮಾಡಿದ್ದು ಅಮೆರಿಕದ ಯುಜೀನ್ ಗಾರ್ಫೀಲ್ಡ್. ಅವರ ಸೈನ್ಸ್ ಸೈಟೇಶನ್ ಇಂಡೆಕ್ಸ್ ಬಂದಿದ್ದು 1964ರಲ್ಲಿ. ಯಾವ ಪೇಪರ್‌ನಿಂದ ಯಾವ ಪೇಪರ್ ಹುಟ್ಟಿತು ಅಂತ ಹುಡುಕೋಕೆ ಅದು ತುಂಬಾ ಉಪಯುಕ್ತ.

ಇನ್ನು ಎಚ್-ಇಂಡೆಕ್ಸ್. ನಿಮ್ಮ 5 ಪೇಪರ್‌ಗಳಿಗೆ 40, 12, 6, 4, 1 ಸೈಟೇಶನ್ ಬಂದಿವೆ ಅಂದ್ಕೊಳ್ಳಿ. ಕನಿಷ್ಠ 4 ಸೈಟೇಶನ್ ಇರೋ ಪೇಪರ್‌ಗಳು 4 ಇವೆ. ಹಾಗಾಗಿ ನಿಮ್ಮ ಎಚ್-ಇಂಡೆಕ್ಸ್ 4. ಇನ್ನೊಬ್ಬರು ಜೀವನದಲ್ಲಿ ಒಂದೇ ಪೇಪರ್ ಬರೆದು, ಅದಕ್ಕೆ 1,000 ಸೈಟೇಶನ್ ಬಂದರೂ ಅವರ ಎಚ್-ಇಂಡೆಕ್ಸ್ 1! ನೋಡಿ, ಲೆಕ್ಕ ತಪ್ಪಿಲ್ಲ. ಆದ್ರೆ ಲೆಕ್ಕದ ನಿಯಮವೇ ಹಾಗಿದೆ.

ಈ ಸೂತ್ರವನ್ನ ಭೌತವಿಜ್ಞಾನಿ ಹೋರ್ಹೆ ಹಿರ್ಶ್ ಮುಂದಿಟ್ಟಿದ್ದು 2005ರಲ್ಲಿ. ಅದೇ ವರ್ಷ ಕಾಟಲಿನ್ ಕಾರಿಕೊ ಮತ್ತು ಡ್ರೂ ವೈಸ್‌ಮನ್ ಒಂದು ಪೇಪರ್ ಪ್ರಕಟಿಸಿದರು. ಕಾರಿಕೊ ಹಂಗೇರಿಯವರು, 1985ರಲ್ಲಿ ಅಮೆರಿಕಕ್ಕೆ ಹೋದವರು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಎಂಆರ್‌ಎನ್‌ಎ ಮೇಲೆ ಕೆಲಸ ಮಾಡ್ತಿದ್ದರು. ಸಂಶೋಧನೆಗೆ ಗ್ರಾಂಟ್ ಸಿಗಲಿಲ್ಲ. 1995ರಲ್ಲಿ ಅವರನ್ನ ಕೆಳಗಿನ ಹುದ್ದೆಗೆ ಇಳಿಸಲಾಯಿತು. ಆದರೂ ಅವರು ಕೆಲಸ ಬಿಡಲಿಲ್ಲ. ವೈಸ್‌ಮನ್ ಪರಿಚಯ ಆಗಿದ್ದು ಕೂಡ ಪೇಪರ್‌ಗಳಿಂದಲೇ, ಜೆರಾಕ್ಸ್ ಮಷಿನ್ ಹತ್ತಿರ!

ಆ ಪೇಪರ್‌ನಲ್ಲಿ ಇದ್ದಿದ್ದು ಇಷ್ಟು: ಲ್ಯಾಬ್‌ನಲ್ಲಿ ತಯಾರಿಸಿದ ಎಂಆರ್‌ಎನ್‌ಎ ದೇಹಕ್ಕೆ ಹೋದ್ರೆ, ರೋಗನಿರೋಧಕ ವ್ಯವಸ್ಥೆ ಅದನ್ನ ಶತ್ರು ಅಂತ ತಿಳಿದು ಮೇಲೆ ಬೀಳುತ್ತೆ. ಅದರಲ್ಲಿರೋ ಯುರಿಡಿನ್ ಜಾಗದಲ್ಲಿ ಸೂಡೊಯುರಿಡಿನ್ ಹಾಕಿದರೆ ಆ ಗಲಾಟೆ ತುಂಬಾ ಕಡಿಮೆ ಆಗುತ್ತೆ. ‘ನೇಚರ್’ ಪತ್ರಿಕೆ ಇದನ್ನ ತಿರಸ್ಕರಿಸಿತು. ಕೊನೆಗೆ ‘ಇಮ್ಯುನಿಟಿ’ ಪತ್ರಿಕೆಯಲ್ಲಿ ಬಂತು. ಇನ್ನು ಫೋನ್ ಮೇಲೆ ಫೋನ್ ಬರುತ್ತೆ ಅಂದ್ಕೊಂಡಿದ್ದರು, ಬರಲಿಲ್ಲ ಅಂತ ವೈಸ್‌ಮನ್ ಮುಂದೆ ಹೇಳಿದ್ದಾರೆ.

ಆಮೇಲೆ ಕೋವಿಡ್ ಬಂತು. ನಮ್ಮಲ್ಲಿ ಹೆಚ್ಚಿನವರು ಹಾಕಿಸಿಕೊಂಡಿದ್ದು ಕೋವಿಶೀಲ್ಡ್ ಅಥವಾ ಕೋವ್ಯಾಕ್ಸಿನ್, ಅವೆರಡೂ ಬೇರೆ ತಂತ್ರಜ್ಞಾನ. ಆದ್ರೆ ಫೈಜರ್-ಬಯೋಎನ್‌ಟೆಕ್ ಮತ್ತು ಮೊಡೆರ್ನಾ ಲಸಿಕೆಗಳು ನಿಂತಿದ್ದು ಈ ದಾರಿಯ ಮೇಲೆ. 2023ರಲ್ಲಿ ಇಬ್ಬರಿಗೂ ನೊಬೆಲ್ ಬಂತು. 2005ರ ಪೇಪರ್‌ನಲ್ಲಿ ಒಂದು ಅಕ್ಷರವೂ ಬದಲಾಗಿರಲಿಲ್ಲ. ಬದಲಾಗಿದ್ದು ಅದನ್ನ ನೋಡುವವರ ಸಂಖ್ಯೆ. ಸೈಟೇಶನ್ ಅಳೆಯೋದು ಅದನ್ನೇ: ಎಷ್ಟು ಜನ ಗಮನಿಸಿದರು, ಬಳಸಿದರು ಅನ್ನೋದನ್ನ.

ಉಲ್ಟಾ ಉದಾಹರಣೆಯೂ ಇದೆ. 1998ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರ ಪೇಪರ್ ಬಂತು. 12 ಮಕ್ಕಳನ್ನ ನೋಡಿ ಬರೆದಿದ್ದ ಅದು ಎಂಎಂಆರ್ ಲಸಿಕೆ ಮತ್ತು ಆಟಿಸಂ ನಡುವೆ ನಂಟಿರಬಹುದು ಅನ್ನೋ ಭಯ ಹುಟ್ಟಿಸಿತು. ಪತ್ರಿಕೆ 2010ರಲ್ಲಿ ಅದನ್ನ ಹಿಂದಕ್ಕೆ ಪಡೆಯಿತು. ಅದಕ್ಕೂ ಸಾವಿರಕ್ಕಿಂತ ಹೆಚ್ಚು ಸೈಟೇಶನ್ ಇವೆ. ಅದು ತಪ್ಪು ಅಂತ ತೋರಿಸೋಕೆ ಹೆಸರಿಸಿದರೂ ಖಾತೆಗೆ ಜಮಾ ಆಗೋದೇ!

ಹಾಗಂತ ಸೈಟೇಶನ್ ಸುಳ್ಳು ಅಂತಲ್ಲ. 1951ರಲ್ಲಿ ಆಲಿವರ್ ಲೌರಿ ಮತ್ತು ಸಂಗಡಿಗರು ಪ್ರೋಟೀನ್ ಅಳೆಯುವ ಒಂದು ವಿಧಾನ ಬರೆದರು. ಅದಕ್ಕೆ 3 ಲಕ್ಷಕ್ಕೂ ಹೆಚ್ಚು ಸೈಟೇಶನ್ ಬಂದಿವೆ. ಲ್ಯಾಬ್‌ಗಳಲ್ಲಿ ಅದು ನಿಜಕ್ಕೂ ಬಳಕೆಯಾಯಿತು ಅನ್ನೋದಕ್ಕೆ ಇದೇ ಸಾಕ್ಷಿ.

ಹಾಗಾದ್ರೆ ನಾವೇನು ಮಾಡಬೇಕು? ಮುಂದಿನ ಸಲ ಇಂಥ ಪರಿಚಯ ಕೇಳಿದಾಗ ಗೂಗಲ್ ಸ್ಕಾಲರ್ ತೆಗೀರಿ, ದುಡ್ಡು ಕೊಡಬೇಕಿಲ್ಲ. ಆ ಪೇಪರ್‌ಗಳು ಈಗ ಮಾತಾಡ್ತಿರೋ ವಿಷಯದ ಬಗ್ಗೆನೇ ಇವೆಯಾ ನೋಡಿ. ಯಾವುದಾದರೂ ಹಿಂದಕ್ಕೆ ಪಡೆಯಲಾಗಿದೆಯಾ ಹುಡುಕಿ. ಸೈಟ್ ಮಾಡಿದವರು ಒಪ್ಪಿದ್ದಾರಾ, ಜಗಳ ಆಡಿದ್ದಾರಾ, ಒಂದೆರಡು ತೆರೆದು ಓದಿ. ಹತ್ತು ನಿಮಿಷದ ಕೆಲಸ. ಔಷಧಿ ಬಗ್ಗೆ ಯಾರದೋ ಮಾತು ಕೇಳಿ ಮನೆಯವರಿಗೆ ಫಾರ್ವರ್ಡ್ ಮಾಡೋ ಮೊದಲು ಅಷ್ಟು ಸಮಯ ಕೊಡಬಹುದು, ಅಲ್ವಾ? ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.