ಹೆಚ್ಚಿನ ಸಾಮರ್ಥ್ಯದ ಗ್ರಾಫಿಕ್ಸ್ ಕಾರ್ಡ್‌ಗಳ ವಿದ್ಯುತ್ ಬಳಕೆ ಮತ್ತು ಶಾಖ ನಿರ್ವಹಣೆ: ಗೃಹ ಬಳಕೆದಾರರಿಗೆ ಮಾಹಿತಿ

ಅನಿಮೇಷನ್, ವಿಡಿಯೋ ಸಂಕಲನ, ಕೃತಕ ಬುದ್ಧಿಮತ್ತೆಯ ಅಭ್ಯಾಸ ಹಾಗೂ ಗಣಕ ಆಟಗಳಿಗಾಗಿ ಮನೆಗಳಲ್ಲಿ ಹೆಚ್ಚಿನ ಸಾಮರ್ಥ್ಯದ ಗ್ರಾಫಿಕ್ಸ್ ಕಾರ್ಡ್‌ಗಳ ಬಳಕೆ ಹೆಚ್ಚುತ್ತಿದೆ. ಇವುಗಳನ್ನು ಅಳವಡಿಸುವ ಮುನ್ನ ಹಾಗೂ ಹೆಚ್ಚುವರಿ ವಿದ್ಯುತ್ ಹೊರೆಗೆ ಅರ್ಜಿ ಸಲ್ಲಿಸುವ ಮುನ್ನ ಗ್ರಾಹಕರು ತಿಳಿದಿರಬೇಕಾದ ಅಂಶಗಳನ್ನು ಸಾರ್ವಜನಿಕರ ಅವಗಾಹನೆಗಾಗಿ ಇಲ್ಲಿ ವಿವರಿಸಲಾಗಿದೆ.

1. ವಿದ್ಯುತ್ ಬಳಕೆಯ ಪ್ರಮಾಣ

ಎನ್‌ವಿಡಿಯಾ ಸಂಸ್ಥೆಯ 2016ರ ಜಿಟಿಎಕ್ಸ್ 1080 ಕಾರ್ಡ್‌ನ ಘೋಷಿತ ಬಳಕೆ 180 ವ್ಯಾಟ್ ಇತ್ತು. 2022ರ ಆರ್‌ಟಿಎಕ್ಸ್ 4090 ಕಾರ್ಡ್‌ಗೆ ಇದು 450 ವ್ಯಾಟ್. 2025ರ ಆರ್‌ಟಿಎಕ್ಸ್ 5090 ಕಾರ್ಡ್‌ಗೆ 575 ವ್ಯಾಟ್. ಹೀಗಾಗಿ ಇಂತಹ ಗಣಕಯಂತ್ರವನ್ನು ಇಸ್ತ್ರಿ ಪೆಟ್ಟಿಗೆ ಅಥವಾ ಮಿಕ್ಸರ್‌ನಂತೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ವಿದ್ಯುತ್ ಉಪಕರಣವೆಂದೇ ಪರಿಗಣಿಸತಕ್ಕದ್ದು. ವ್ಯತ್ಯಾಸವೆಂದರೆ, ಇಸ್ತ್ರಿ ಪೆಟ್ಟಿಗೆ ಕೆಲವು ನಿಮಿಷ ಮಾತ್ರ ನಡೆಯುತ್ತದೆ; ಗಣಕಯಂತ್ರ ಗಂಟೆಗಟ್ಟಲೆ ನಡೆಯುತ್ತದೆ.

2. ಲೆಕ್ಕ ಮಾಡುವ ವಿಧಾನ

ಉದಾಹರಣೆಗೆ, ಕಾರ್ಡ್ 450 ವ್ಯಾಟ್, ಪ್ರೊಸೆಸರ್ 150 ವ್ಯಾಟ್ ಮತ್ತು ಇತರ ಭಾಗಗಳು 60 ವ್ಯಾಟ್ ಎಂದಾದಲ್ಲಿ ಒಟ್ಟು 660 ವ್ಯಾಟ್. ಗಣಕಯಂತ್ರದೊಳಗಿನ ಪವರ್ ಸಪ್ಲೈ ಘಟಕದ ದಕ್ಷತೆ ಶೇ. 90 ಇದ್ದಲ್ಲಿ ಗೋಡೆಯ ಸಾಕೆಟ್‌ನಿಂದ ಸುಮಾರು 733 ವ್ಯಾಟ್ ಬೇಕಾಗುತ್ತದೆ. ದಿನಕ್ಕೆ 6 ಗಂಟೆ ಪೂರ್ಣ ಹೊರೆಯಲ್ಲಿ ನಡೆಸಿದರೆ 30 ದಿನಗಳಿಗೆ ಸುಮಾರು 132 ಯೂನಿಟ್‌ಗಳಾಗುತ್ತವೆ.

ಗೃಹಜ್ಯೋತಿ ಯೋಜನೆಯ ಫಲಾನುಭವಿಗಳು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು. ತಿಂಗಳ ಬಳಕೆ 200 ಯೂನಿಟ್ ಮೀರಿದಲ್ಲಿ ಆ ತಿಂಗಳ ಪೂರ್ಣ ಬಿಲ್ಲನ್ನು ಗ್ರಾಹಕರೇ ಪಾವತಿಸಬೇಕಾಗುತ್ತದೆ. ಈವರೆಗೆ 90 ಯೂನಿಟ್ ಬಳಸುತ್ತಿದ್ದ ಕುಟುಂಬವು ಇದೊಂದೇ ಯಂತ್ರದಿಂದ ಆ ಮಿತಿಯನ್ನು ದಾಟುತ್ತದೆ.

3. ಶಾಖ

ಗಣಕಯಂತ್ರ ಬಳಸುವ ವಿದ್ಯುತ್ತೆಲ್ಲವೂ ಕೊನೆಗೆ ಶಾಖವಾಗಿಯೇ ಕೋಣೆಯನ್ನು ಸೇರುತ್ತದೆ. ಯಂತ್ರದೊಳಗಿನ ಫ್ಯಾನ್‌ಗಳು ಶಾಖವನ್ನು ಪೆಟ್ಟಿಗೆಯಿಂದ ಹೊರಹಾಕುತ್ತವೆಯೇ ಹೊರತು ಅದನ್ನು ಇಲ್ಲವಾಗಿಸುವುದಿಲ್ಲ. 1 ಟನ್ ಹವಾನಿಯಂತ್ರಕವು ಹೊರಹಾಕಬಲ್ಲ ಶಾಖ ಸುಮಾರು 3.5 ಕಿಲೋವ್ಯಾಟ್, ಮೇಲಿನ ಯಂತ್ರದ ಶಾಖವೇ ಅದರ ಐದನೇ ಒಂದು ಭಾಗವಾಗುತ್ತದೆ. ಅಂದರೆ ಒಂದೇ ಶಾಖಕ್ಕೆ ಗ್ರಾಹಕರು ಎರಡು ಬಾರಿ ಹಣ ತೆರುತ್ತಾರೆ: ಉಂಟುಮಾಡಲು ಒಮ್ಮೆ, ಹೊರಹಾಕಲು ಇನ್ನೊಮ್ಮೆ.

4. ಮೊದಲ ಪರಿಹಾರ: ವಿದ್ಯುತ್ ಮಿತಿಯನ್ನು ತಗ್ಗಿಸುವುದು

ಚಿಪ್‌ನ ವೇಗವನ್ನು ಕೊನೆಯ ಹಂತದವರೆಗೆ ಏರಿಸಲು ವೋಲ್ಟೇಜ್ ಅನ್ನೂ ಏರಿಸಬೇಕಾಗುತ್ತದೆ. ಬಳಕೆಯು ವೋಲ್ಟೇಜ್‌ನ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದರಿಂದ, ಕೊನೆಯ ಅಲ್ಪ ವೇಗಕ್ಕೆ ಅತಿ ಹೆಚ್ಚು ವಿದ್ಯುತ್ ವ್ಯಯವಾಗುತ್ತದೆ. ಕಾರ್ಡ್‌ನ ತಂತ್ರಾಂಶದಲ್ಲಿ ವಿದ್ಯುತ್ ಮಿತಿಯನ್ನು ಶೇ. 70ಕ್ಕೆ ಇಳಿಸಿದರೆ ವೇಗದ ಇಳಿಕೆ ಸಾಮಾನ್ಯವಾಗಿ ಅದಕ್ಕಿಂತ ಬಹಳ ಕಡಿಮೆ ಇರುತ್ತದೆ. ಮೇಲಿನ ಉದಾಹರಣೆಯಲ್ಲಿ ಗೋಡೆಯಿಂದ ಪಡೆಯುವ ವಿದ್ಯುತ್ 150 ವ್ಯಾಟ್‌ನಷ್ಟು ಕಡಿಮೆಯಾಗಿ, ತಿಂಗಳಿಗೆ ಸುಮಾರು 27 ಯೂನಿಟ್ ಉಳಿತಾಯವಾಗುತ್ತದೆ. ಇದಕ್ಕೆ ಯಾವುದೇ ವೆಚ್ಚವಿಲ್ಲ.

5. ಸುರಕ್ಷತಾ ಕ್ರಮಗಳು

ಅ) 12 ವೋಲ್ಟ್‌ನಲ್ಲಿ 450 ವ್ಯಾಟ್ ಎಂದರೆ ಸುಮಾರು 37 ಆಂಪಿಯರ್. 2022ರ ಅಕ್ಟೋಬರ್‌ನಲ್ಲಿ 16 ಪಿನ್‌ಗಳ ಕನೆಕ್ಟರ್‌ಗಳು ಕರಗಿದ ಪ್ರಕರಣಗಳು ವಿವಿಧ ದೇಶಗಳಿಂದ ವರದಿಯಾದವು. ಕನೆಕ್ಟರ್ ಪೂರ್ಣವಾಗಿ ಕೂರದಿರುವುದು ಸಾಮಾನ್ಯ ಕಾರಣವೆಂದು ತಯಾರಕರು ತಿಳಿಸಿದರು. ಕನೆಕ್ಟರ್‌ಅನ್ನು ಪೂರ್ಣವಾಗಿ ಒತ್ತಿ ಕೂರಿಸಬೇಕು. ಅದರ ಬುಡದಲ್ಲಿಯೇ ಕೇಬಲ್ ಬಾಗಿಸಬಾರದು.

ಆ) ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಈ ಯಂತ್ರದೊಂದಿಗೆ ಹೀಟರ್, ಕೆಟಲ್ ಅಥವಾ ಇಸ್ತ್ರಿ ಪೆಟ್ಟಿಗೆಯನ್ನು ಜೋಡಿಸಬಾರದು. ಸಮರ್ಪಕ ಅರ್ಥಿಂಗ್ ಇರುವ ಮೂರು ಪಿನ್‌ಗಳ ಸಾಕೆಟ್ ಕಡ್ಡಾಯವಾಗಿ ಇರಬೇಕು.

ಇ) ಸಾಮಾನ್ಯ 600 ವಿಎ ಯುಪಿಎಸ್‌ಗಳು ಸುಮಾರು 360 ವ್ಯಾಟ್ ಮಾತ್ರ ನೀಡಬಲ್ಲವು, ಇಂತಹ ಯಂತ್ರಕ್ಕೆ ಅವು ಸಾಲವು.

ಈ) ಯಂತ್ರವನ್ನು ಗೋಡೆಗೆ ಒತ್ತಿ ಅಥವಾ ಮುಚ್ಚಿದ ಕಪಾಟಿನಲ್ಲಿ ಇಡಬಾರದು. ಧೂಳನ್ನು ಕಾಲಕಾಲಕ್ಕೆ, ವಿಶೇಷವಾಗಿ ಬೇಸಿಗೆಗೆ ಮುನ್ನ, ಯಂತ್ರವನ್ನು ಸ್ಥಗಿತಗೊಳಿಸಿ ತೆಗೆಯಬೇಕು.

6. ಹೆಚ್ಚುವರಿ ಹೊರೆಗೆ ಅರ್ಜಿ

ಹಳೆಯ ಮನೆಗಳ ಮಂಜೂರಾದ ಹೊರೆ 1 ಕಿಲೋವ್ಯಾಟ್ ಇದ್ದಲ್ಲಿ ಇಂತಹ ಯಂತ್ರ ಮತ್ತು ಹವಾನಿಯಂತ್ರಕವನ್ನು ಒಟ್ಟಿಗೆ ನಡೆಸುವುದು ಆ ಮಿತಿಯನ್ನು ಮೀರುತ್ತದೆ. ಆಗ ಗ್ರಾಹಕರು ತಮ್ಮ ಆರ್.ಆರ್. ಸಂಖ್ಯೆಯೊಂದಿಗೆ ಸಂಬಂಧಪಟ್ಟ ಉಪವಿಭಾಗ ಕಚೇರಿಯಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ವೈರಿಂಗ್ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಬೇಕು. ನಿಗದಿತ ಶುಲ್ಕವು ಮಂಜೂರಾದ ಪ್ರತಿ ಕಿಲೋವ್ಯಾಟ್‌ಗೆ ಪ್ರತಿ ತಿಂಗಳೂ ಅನ್ವಯಿಸುವುದರಿಂದ, ಅಗತ್ಯಕ್ಕಿಂತ ಹೆಚ್ಚಿನ ಹೊರೆ ಪಡೆಯುವುದು ಅನಗತ್ಯ ವೆಚ್ಚಕ್ಕೆ ಕಾರಣವಾಗುತ್ತದೆ.

ಆದುದರಿಂದ ಗ್ರಾಹಕರು ಮೊದಲು ವಿದ್ಯುತ್ ಮಿತಿಯನ್ನು ತಗ್ಗಿಸಿ, ಒಂದು ತಿಂಗಳ ಮೀಟರ್ ರೀಡಿಂಗ್ ಗಮನಿಸಿ, ಅನಂತರ ನೈಜ ಅಗತ್ಯಕ್ಕೆ ತಕ್ಕಂತೆ ಅರ್ಜಿ ಸಲ್ಲಿಸುವುದು ಸೂಕ್ತ. ಆದರೆ ಸಾಕೆಟ್ ಅಥವಾ ಪ್ಲಗ್ ಬಿಸಿಯಾಗುವುದು, ಸುಟ್ಟ ವಾಸನೆ ಬರುವುದು ಕಂಡುಬಂದಲ್ಲಿ ಕಾಯದೆ, ತಕ್ಷಣವೇ ಮುಖ್ಯ ಸ್ವಿಚ್ ಆರಿಸಿ ವೈರಿಂಗ್ ಪರೀಕ್ಷಿಸಿಕೊಳ್ಳತಕ್ಕದ್ದು.