ಕಥೆ ಮುಗಿಯಿತು, ವಾದ ಮುಗಿಯಲಿಲ್ಲ

ಅಮೆರಿಕದ ಎಬಿಸಿ ವಾಹಿನಿಯಲ್ಲಿ 2004ರಲ್ಲಿ ಆರಂಭವಾದ ‘ಲಾಸ್ಟ್’, ವಿಮಾನ ಅಪಘಾತದಲ್ಲಿ ಬದುಕುಳಿದು ನಿಗೂಢ ದ್ವೀಪದಲ್ಲಿ ಸಿಲುಕಿದವರ ಕಥೆ. 2010ರ ಮೇ 23ರಂದು ಅದರ ಕೊನೆಯ ಕಂತು ಪ್ರಸಾರವಾಯಿತು. ಅದರೊಂದಿಗೆ ಅಭಿಮಾನಿಗಳ ವಾಗ್ವಾದವೂ ಶುರುವಾಯಿತು.

ಆರನೆಯ ಹಾಗೂ ಅಂತಿಮ ಸೀಸನ್‌ನಲ್ಲಿ ದ್ವೀಪದ ಕಥೆಯ ಜೊತೆಗೆ, ವಿಮಾನ ಬೀಳದೇ ಇರುವ ಇನ್ನೊಂದು ಲೋಕದ ಕಥೆಯೂ ಸಾಗುತ್ತದೆ. ಅದು ಸತ್ತವರು ಒಂದುಗೂಡುವ ತಾಣ ಎಂಬ ಗುಟ್ಟು ಕೊನೆಯ ಕಂತಿನಲ್ಲಿ ಬಯಲಾಗುತ್ತದೆ. ಇಷ್ಟು ಕಂಡದ್ದೇ ತಡ, ‘ಎಲ್ಲರೂ ಅಪಘಾತದಲ್ಲೇ ಸತ್ತಿದ್ದರು, ದ್ವೀಪವೆಲ್ಲ ಬರೀ ಭ್ರಮೆ’ ಎಂದು ಅನೇಕರು ತೀರ್ಮಾನಿಸಿಬಿಟ್ಟರು. ಕೊನೆಗೆ ಹೆಸರುಗಳು ಮೂಡುವಾಗ ನಿರ್ಜನ ಕಡಲತೀರದಲ್ಲಿ ವಿಮಾನದ ಅವಶೇಷ ಕಂಡದ್ದು ಅವರ ವಾದಕ್ಕೆ ಬಲ ಕೊಟ್ಟಿತು.

ಆದರೆ ಆ ದೃಶ್ಯ ಕಥೆಯ ಭಾಗವಲ್ಲ. ವೀಕ್ಷಕರು ಕಥೆಯ ಗುಂಗಿನಿಂದ ಮೆಲ್ಲನೆ ಹೊರಬರಲೆಂದು ಅದನ್ನು ಸೇರಿಸಿದ್ದಾಗಿ ವಾಹಿನಿಯೇ ಬಳಿಕ ಸ್ಪಷ್ಟಪಡಿಸಿತು. ನಾಯಕ ಜ್ಯಾಕ್‌ಗೆ ಅವನ ತಂದೆ ಅದೇ ಕಂತಿನಲ್ಲಿ ಹೇಳುವುದೂ ಬೇರೆಯೇ: ನಡೆದದ್ದೆಲ್ಲ ನಿಜ, ಕೆಲವರು ಅವನಿಗಿಂತ ಮೊದಲು ಸತ್ತರು, ಕೆಲವರು ಬಹುಕಾಲದ ನಂತರ.

ಹಾಗೆಂದು ಚರ್ಚೆಗೆ ಎಡೆಯೇ ಇಲ್ಲವೆಂದಲ್ಲ. ಆ ಮುಕ್ತಾಯ ತೃಪ್ತಿಕರವೇ? ದ್ವೀಪದ ಎಲ್ಲ ರಹಸ್ಯಗಳಿಗೂ ಉತ್ತರ ಬೇಕಿತ್ತೇ? ಇವು ಅಭಿಪ್ರಾಯದ ಪ್ರಶ್ನೆಗಳು. ಅವರು ಸತ್ತದ್ದು ಯಾವಾಗ ಎಂಬುದಕ್ಕೆ ಮಾತ್ರ ಕಥೆಯೇ ಉತ್ತರ ಕೊಟ್ಟಿದೆ.

ಪಠ್ಯದ ಕಥೆಯಾಗಲಿ, ಟಿ.ವಿ. ಧಾರಾವಾಹಿಯಾಗಲಿ, ವಿದ್ಯಾರ್ಥಿಗಳು ಈ ವ್ಯತ್ಯಾಸ ಅರಿತರೆ ಅರ್ಧ ವಿಮರ್ಶೆ ಕಲಿತಂತೆ. ಮನೆಯಲ್ಲಿ ಮಕ್ಕಳು ಇಂಥ ವಾದಕ್ಕಿಳಿದಾಗ ಗದರುವ ಬದಲು, ‘ಹಾಗೆಂದು ಯಾವ ದೃಶ್ಯದಲ್ಲಿದೆ, ತೋರಿಸು’ ಎಂದು ಹಿರಿಯರು ಕೇಳಿದರೆ ಸಾಕು.