ಮಹಾತ್ಮರ ಮಾತು, ಕವಿಯ ಪ್ರಶ್ನೆ

ಸಾರ್ವಜನಿಕ ಜೀವನದಲ್ಲಿರುವವರ ಮಾತನ್ನು ತೂಗುವಾಗ ನಾವು ಮಾತಿಗಿಂತ ಮೊದಲು ಮನುಷ್ಯನನ್ನು ನೋಡುತ್ತೇವೆ. ನಮಗೆ ಬೇಕಾದವರು ಆಡಿದ್ದಾದರೆ ಅದಕ್ಕೊಂದು ಒಳ್ಳೆಯ ಅರ್ಥವನ್ನು ಹುಡುಕಿ ತೆಗೆಯುತ್ತೇವೆ. ಬೇಡವಾದವರು ಆಡಿದ್ದಾದರೆ ಪೂರ್ತಿ ಕೇಳುವ ತಾಳ್ಮೆಯೂ ನಮಗಿರುವುದಿಲ್ಲ. ಭಾಷಣದ ತುಣುಕುಗಳು ಅಂಗೈಯಲ್ಲಿರುವ ಫೋನಿಗೇ ಬಂದು ಬೀಳುವ ಈ ದಿನಗಳಲ್ಲಂತೂ ತೀರ್ಪು ಕೊಡಲು ಅರೆನಿಮಿಷ ಸಾಕು. ಇದನ್ನು ಕಂಡಾಗಲೆಲ್ಲ ನನಗೆ ೧೯೩೪ರ ಒಂದು ವಿವಾದ ನೆನಪಾಗುತ್ತದೆ.

ಆ ವರ್ಷದ ಜನವರಿ ೧೫ರಂದು ಬಿಹಾರದಲ್ಲಿಯೂ ನೇಪಾಳದಲ್ಲಿಯೂ ಭೂಮಿ ನಡುಗಿತು. ಮುಂಗೇರ, ಮುಜಫರಪುರ ಮೊದಲಾದ ಊರುಗಳು ಹಾಳಾದವು. ಸತ್ತವರ ಸಂಖ್ಯೆ ೧೦,೦೦೦ವನ್ನು ಮೀರಿತು. ಅಸ್ಪೃಶ್ಯತೆಯ ನಿವಾರಣೆಗಾಗಿ ಗಾಂಧೀಜಿ ಆಗ ದಕ್ಷಿಣದಲ್ಲಿ ಪ್ರವಾಸ ಮಾಡುತ್ತಿದ್ದರು. ಈ ಭೂಕಂಪವು ಅಸ್ಪೃಶ್ಯತೆಯೆಂಬ ನಮ್ಮ ಪಾಪಕ್ಕೆ ದೇವರು ವಿಧಿಸಿದ ಶಿಕ್ಷೆ ಎಂಬರ್ಥದ ಮಾತನ್ನು ಅವರು ತಿರುನೆಲ್ವೇಲಿಯಲ್ಲಿ ಆಡಿದರು.

ರವೀಂದ್ರನಾಥ ಠಾಕೂರರು ಗಾಂಧೀಜಿಯ ವಿರೋಧಿಯಲ್ಲ. ೧೯೩೨ರಲ್ಲಿ ಯರವಡಾ ಸೆರೆಮನೆಯಲ್ಲಿ ಮಹಾತ್ಮರ ಉಪವಾಸ ಮುಗಿದಾಗ ಹತ್ತಿರವೇ ಇದ್ದವರು. ಅಸ್ಪೃಶ್ಯತೆಯನ್ನು ಮನಸಾರೆ ಖಂಡಿಸಿದವರು. ಆದರೂ ಈ ಮಾತನ್ನು ಅವರು ಸಹಿಸಲಿಲ್ಲ. ಸಹಿಸಲಿಲ್ಲವೆಂದು ದುಡುಕಲೂ ಇಲ್ಲ. ಪತ್ರಿಕೆಗಳಲ್ಲಿ ಬಂದ ವರದಿಯನ್ನು ನಂಬುವುದು ತಮಗೆ ಕಷ್ಟವೆಂದು ಗಾಂಧೀಜಿಗೇ ಕಾಗದ ಬರೆದರು. ವರದಿ ನಿಜವಾಗಿದ್ದರೆ ಪ್ರಕಟಿಸಬೇಕೆಂದು ತಮ್ಮ ಖಂಡನೆಯನ್ನೂ ಅದರೊಡನೆ ಕಳುಹಿಸಿದರು. ಭೌತಿಕ ಘಟನೆಗಳಿಗೆ ಭೌತಿಕ ಕಾರಣಗಳೇ ಇರುತ್ತವೆ. ಅವೈಜ್ಞಾನಿಕವಾದ ಇಂಥ ವಿವರಣೆಯನ್ನು ನಮ್ಮ ಜನ ಬಹಳ ಬೇಗ ನಂಬಿಬಿಡುತ್ತಾರೆ. ಈ ತರ್ಕ ಗಾಂಧೀಜಿಯ ಎದುರಾಳಿಗಳಿಗೇ ಹೆಚ್ಚು ಹೊಂದುತ್ತದೆ, ಅವರು ದೈವಕೋಪದ ಹೊಣೆಯನ್ನು ಸುಧಾರಕರ ಮೇಲೆಯೇ ಹೊರಿಸಿದ್ದರೂ ಆಶ್ಚರ್ಯವಿರಲಿಲ್ಲ—ಇದು ಅವರ ವಾದದ ಸಾರ.

ಗಾಂಧೀಜಿ ಆ ಖಂಡನೆಯನ್ನು ಫೆಬ್ರವರಿ ೧೬ರ ‘ಹರಿಜನ’ ಪತ್ರಿಕೆಯಲ್ಲಿ ತಾವೇ ಅಚ್ಚು ಹಾಕಿಸಿ, ಜೊತೆಯಲ್ಲಿ ತಮ್ಮ ಉತ್ತರವನ್ನೂ ಕೊಟ್ಟರು. ಪಾಪಕ್ಕೂ ಭೂಕಂಪಕ್ಕೂ ಇರುವ ಸಂಬಂಧವನ್ನು ಸಾಧಿಸಿ ತೋರಿಸಲಾರೆನೆಂದು ಒಪ್ಪಿದರು; ನಂಬಿಕೆಯನ್ನು ಮಾತ್ರ ಬಿಡಲಿಲ್ಲ.

ಆ ಮಾತು ತಪ್ಪು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಉದ್ದೇಶ ಒಳ್ಳೆಯದಾದ ಮಾತ್ರಕ್ಕೆ ಮಾತು ನಿಜವಾಗಲಾರದು. ಅಲ್ಲದೆ, ಭೂಮಿ ನಡುಗಿದಾಗ ಸವರ್ಣರ ಮನೆಯೆಂದೂ ಅಸ್ಪೃಶ್ಯರ ಗುಡಿಸಲೆಂದೂ ಭೇದವೆಣಿಸಲಿಲ್ಲ. ತಲೆತಲಾಂತರದಿಂದ ಅನ್ಯಾಯವನ್ನು ಉಂಡವರೇ ಆ ಅನ್ಯಾಯದ ಶಿಕ್ಷೆಯನ್ನೂ ಉಣ್ಣಬೇಕೆಂದರೆ ಅದು ಎಂಥ ನ್ಯಾಯ? ಕೋಟ್ಯಂತರ ಜನ ಕಿವಿಗೊಡುವ ವ್ಯಕ್ತಿಗೆ ಈ ಪ್ರಶ್ನೆಯ ಭಾರ ಇನ್ನೂ ಹೆಚ್ಚು.

ಹಾಗೆಂದು ಗಾಂಧೀಜಿಯ ಜೀವನದ ತೂಕವನ್ನು ಈ ಒಂದು ಮಾತಿನಿಂದ ನಿರ್ಣಯಿಸಲು ನಾನು ಸಿದ್ಧನಿಲ್ಲ. ತಮ್ಮನ್ನು ಅಲ್ಲಗಳೆದ ಬರಹಕ್ಕೆ ತಮ್ಮದೇ ಪತ್ರಿಕೆಯಲ್ಲಿ ಸ್ಥಳ ಕೊಟ್ಟದ್ದೂ ಅದೇ ಲೆಕ್ಕದಲ್ಲಿ ಸೇರಬೇಕು. ರವೀಂದ್ರರೂ ಮಾಡಿದ್ದು ಇಷ್ಟೇ: ಆಡಿದ್ದು ಹೌದೇ ಎಂದು ಕೇಳಿದರು; ಮಾತನ್ನು ತಿರಸ್ಕರಿಸಿದರು; ಮನುಷ್ಯನನ್ನು ಉಳಿಸಿಕೊಂಡರು. ಎರಡು ವರ್ಷಗಳ ತರುವಾಯ, ೧೯೩೬ರಲ್ಲಿ, ವಿಶ್ವಭಾರತಿಗೆ ಹಣ ಕೂಡಿಸಲು ಮುಪ್ಪಿನಲ್ಲಿ ನಾಟಕ ಮಂಡಳಿಯೊಡನೆ ಊರೂರು ಅಲೆಯುತ್ತಿದ್ದ ಕವಿಗೆ ೬೦,೦೦೦ ರೂಪಾಯಿಗಳನ್ನು ಒದಗಿಸಿ, ಆ ಅಲೆದಾಟವನ್ನು ತಪ್ಪಿಸಿದವರು ಗಾಂಧೀಜಿಯೇ.